ಆಡಿನ ಮೇಲೆ ಹೊರಿಸಿದ ಗೀರು

ನನ್ನ ಬಾಯಿ ಕೆಟ್ಟದ್ದು ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದುದಷ್ಟೇ ಅಲ್ಲ, ಒಳಗೊಳಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇರೆಯವರ ತರಗತಿ ಸಂತೆಯಾಗಿದ್ದರೂ ನನ್ನದರಲ್ಲಿ ಸೂಜಿ ಬಿದ್ದರೆ ಕೇಳಿಸುತ್ತದೆ. "ನೀವು ಬರೂದು ನೋಡಿದ್ರ ಸಾಕ್ರಿ ಮೇಡಂ, ಹುಡುಗ್ರು ಉಸಿರು ಬಿಡೂದಿಲ್ಲ" ಎಂದು ಹೆಡ್‌ಮಾಸ್ತರರು ಅಂದಾಗ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡವಳು ನಾನು. ಮನೆಯಲ್ಲೂ ಉಸಿರು ಬಿಡದವರು ಇದ್ದಾರೆ ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ನಮ್ಮ ಮನೆ ಬೀದರಿನ ಹಳೆ ಊರೊಳಗೆ, ಕೋಟೆಯ ಕಡೆ ಹೋಗುವ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿದೆ. ಯಜಮಾನರಿಗೆ ಔರಾದಿನಲ್ಲಿ ನೌಕರಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಬಸ್ಸು ಹಿಡಿಯುತ್ತಾರೆ. ವಾರವಿಡೀ ಮನೆಯಲ್ಲಿ ನಾನು ಮತ್ತು ಅತ್ತೆ. ನಾನು ಬೆಳಿಗ್ಗೆ ರೈಲು ಹತ್ತಿ ಭಾಲ್ಕಿಗೆ ಹೋದರೆ ಸಂಜೆಯವರೆಗೆ ಅತ್ತೆ ಒಬ್ಬರೇ. ಅವರಿಗೆ ಜೊತೆಯೆಂದರೆ ಮೋಟುಗೋಡೆಯಾಚೆಯ ಮನೆಯ ಮುದುಕಿ. ಓಣಿಗೆಲ್ಲ ಅವರು ಖಾಲಾ, ಎಂದರೆ ಚಿಕ್ಕಮ್ಮ; ನಮಗೂ ಖಾಲಾ. ಗಂಡ ತೀರಿಕೊಂಡ ಮೇಲೆ ಖಾಲಾ ಒಂದು ಹೆಣ್ಣಾಡು ಸಾಕಿಕೊಂಡಿದ್ದರು. ಮರಿಯಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ದೊಡ್ಡದಾದ ಮೇಲೆ ಅದರ ಹಾಲಿನಲ್ಲೇ ಅವರ ಚಹಾ.

ಈ ಎರಡು ಮನೆಗಳ ನಡುವೆ, ನಾನು ಸೊಸೆಯಾಗಿ ಬರುವುದಕ್ಕೂ ಮೊದಲಿನಿಂದ, ಒಂದು ಸ್ಟೀಲಿನ ತಾಟು ಓಡಾಡುತ್ತದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅವರ ಒಲೆಯ ಮೇಲೆ ಬೆಂದದ್ದನ್ನು ಅತ್ತೆ ಮುಟ್ಟುವುದಿಲ್ಲ; ನಾನಾದರೆ ಅಲ್ಲಿ ಚಹಾ ಕುಡಿಯುತ್ತೇನೆ. ಅದು ಖಾಲಾಗೆ ಗೊತ್ತು, ಅದಕ್ಕೆ ಅವರು ಬೇಸರ ಮಾಡಿಕೊಂಡವರೂ ಅಲ್ಲ. ರಂಜಾನ್ ಹಬ್ಬಕ್ಕೆ ಅವರು ಶಿಧಾ ಕಳಿಸುತ್ತಾರೆ. ಎಂದರೆ ಎಲ್ಲವನ್ನೂ ಹಸಿಯಾಗಿಯೇ: ಶಾವಿಗೆ, ಖರ್ಜೂರ, ಗೋಡಂಬಿ, ಸಕ್ಕರೆ, ಬಾಯಿ ಕತ್ತರಿಸದ ಹಾಲಿನ ಪಾಕೀಟು. ಅತ್ತೆ ಅದನ್ನು ನಮ್ಮ ಒಲೆಯ ಮೇಲೆ ಖೀರು ಮಾಡುತ್ತಾರೆ. ಯುಗಾದಿಗೆ ಅದೇ ತಾಟಿನಲ್ಲಿ ನಮ್ಮ ಹೋಳಿಗೆ ಆಚೆ ಹೋಗುತ್ತದೆ. ತಾಟು ಖಾಲಿಯಾಗಿ ಗೋಡೆ ದಾಟಿದ್ದಿಲ್ಲ. ಏನೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರುತ್ತದೆ.

ಕಾರು ನನ್ನದು. ನನ್ನ ಸಂಬಳದಲ್ಲಿ ಕೊಂಡದ್ದು, ಕಡುಗೆಂಪು ಬಣ್ಣದ್ದು. ದಿನಾ ತೆಗೆಯುವುದಿಲ್ಲ, ಅಂಗಳದಲ್ಲಿ ಬಿಸಿಲಿಗೆ ನಿಂತಿರುತ್ತದೆ. ಖಾಲಾರ ಆಡಿಗೆ ಆ ಬಾನೆಟ್ ಎಂದರೆ ಪ್ರಾಣ. ಗೋಡೆ ಹಾರಿ ಬಂದು, ಅದರ ಮೇಲೆ ಹತ್ತಿ, ಓಣಿಗೆಲ್ಲ ತಾನೇ ಒಡತಿ ಎಂಬಂತೆ ನಿಂತುಬಿಡುತ್ತಿತ್ತು. ಧೂಳಿನ ಮೇಲಿನ ಗೊರಸಿನ ಗುರುತನ್ನು ಎಷ್ಟು ಸಲ ಒರೆಸಿದ್ದೇನೋ.

ಆ ಭಾನುವಾರ ಬಕೆಟ್ ಹಿಡಿದು ಕಾರು ತೊಳೆಯಲು ಹೋದವಳು ಹಾಗೇ ನಿಂತೆ. ಬಾನೆಟ್ ತುಂಬ ಗೀರುಗಳು. ಮೂರು ನಾಲ್ಕು ಗೀರು ಜೊತೆಜೊತೆಯಾಗಿ, ಮತ್ತೆ ಅದರ ಪಕ್ಕ ಅಂಥವೇ ಇನ್ನಷ್ಟು. ಉಗುರು ಆಡಿಸಿ ನೋಡಿದರೆ ಉಗುರು ಒಳಗೆ ಸಿಕ್ಕಿಕೊಂಡಿತು. ಬಣ್ಣ ಹೋಗಿ, ಬಣ್ಣದ ಕೆಳಗಿನ ಬೂದು ಪದರವೂ ಹೋಗಿ, ಒಂದೆರಡು ಕಡೆ ತಗಡೇ ಹೊಳೆಯುತ್ತಿತ್ತು.

"ಖಾಲಾ, ಹೊರಗ ಬರ್ರಿ ಜರಾ. ನಿಮ್ಮ ಆಡು ಏನು ಮಾಡ್ಯಾದ ನೋಡ್‌ಬರ್ರಿ" ಎಂದು ಗೋಡೆಯ ಮೇಲಿಂದ ಕೂಗಿದೆ. ರಂಜಾನ್ ತಿಂಗಳು. ಆಕೆ ಉಪವಾಸವಿದ್ದಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಪೇಪರು ಹಿಡಿದು ಹೊರಗೆ ಬಂದ ಯಜಮಾನರು ಬಗ್ಗಿ ನೋಡಿ, "ಆಡಿನ ಗೊರಸಿಗೆ ಇಷ್ಟು ಆಳ ಬೀಳ್ತಾವೇನ?" ಅಂದರು.

"ನೀವು ಸುಮ್ಕಿರ್ರಿ. ನಿಮಗ ಗಾಡಿದೂ ತಿಳಿಯೂದಿಲ್ಲ, ಆಡಿಂದೂ ತಿಳಿಯೂದಿಲ್ಲ." ಅವರು ಪೇಪರಿನ ಜೊತೆ ಒಳಗೆ ಹೋದರು.

ಖಾಲಾ ಬಂದರು. ಬಾನೆಟ್ ನೋಡಿದರು. ಆಮೇಲೆ ನನ್ನ ಭುಜದಾಚೆ, ಕಟ್ಟೆಯ ಮೇಲೆ ತಲೆತುಂಬ ಸೆರಗು ಹೊದ್ದು ಕೂತಿದ್ದ ಅತ್ತೆಯನ್ನು ನೋಡಿದರು.

"ಆಡೇ ಮಾಡಿರ್ಬೇಕು ಬೇಟಿ" ಅಂದರು ಕೊನೆಗೆ. "ಮೂಕ ಜಾನ್ವರ್. ಮಾಫ್ ಮಾಡು."

ಮಾಫ್ ಕೇಳಿದವರನ್ನು ಅಲ್ಲಿಗೇ ಬಿಡುವುದು ನನ್ನ ಜಾಯಮಾನವಲ್ಲ. "ಕಟ್ಟಿ ಸಾಕೂಕ ಆಗಲಿಕ್ರ ಯಾಕ ಸಾಕ್ಬೇಕ್ರಿ? ಒಬ್ಬಾಕಿ ಇದ್ದೀರಂತ ಓಣಿಯವ್ರೆಲ್ಲ ಸಹಿಸ್ಕೋಬೇಕೇನು? ನಾಳಿಂದ ಇದು ಈ ಗ್ವಾಡಿ ದಾಟ್ತಂದ್ರ ಕಾಲು ಮುರೀತೇನಿ ನೋಡ್ರಿ." ಒಬ್ಬಾಕಿ ಎಂಬ ಮಾತಿಗೆ ಖಾಲಾರ ಮುಖ ಇಳಿಯಿತು. ಅದನ್ನು ನೋಡಿಯೂ ನಾನು ನಿಲ್ಲಿಸಲಿಲ್ಲ.

ಕಟ್ಟೆಯ ಮೇಲಿಂದ ಅತ್ತೆ, "ಬಿಡವ್ವಾ, ತಗಡ ಅದ. ತಗಡಿನ ಸಲುವಾಗಿ ಮಂದಿ ಮನಸ್ಸು..." ಎಂದು ಏನೋ ಹೇಳಹೊರಟರು.

"ನೀವು ನಡುವ ಬಾಯಿ ಹಾಕಬ್ಯಾಡ್ರಿ ಅತ್ತಿ" ಅಂದೆ.

ಮಧ್ಯಾಹ್ನ ಊಟಕ್ಕೆ ಅತ್ತೆ ಆ ವರ್ಷದ ಹೊಸ ಕುರಡಗಿ ಕರಿದಿದ್ದರು. ಬೇಸಿಗೆ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಇದರ ಗಡಿಬಿಡಿ: ಗೋಧಿ ನೆನೆಸಿ, ರುಬ್ಬಿ, ಅದರ ಹಾಲು ತೆಗೆದು, ಜೀರಿಗೆ ಉಪ್ಪು ಹಾಕಿ ಅಂಟಾಗುವಂತೆ ಕುದಿಸಿ, ಶಾವಿಗೆಯ ಹಾಗೆ ಬಟ್ಟೆಯ ಮೇಲೆ ಸುತ್ತಿಸುತ್ತಿ ಒತ್ತಿ ಒಣಗಿಸುವುದು. ಈ ಸಲ ಎಣ್ಣೆಗೆ ಬಿಟ್ಟರೆ ಹೂವಿನ ಹಾಗೆ ಅರಳಿದ್ದವು. ನಾನು ಕುರುಕುರು ತಿನ್ನುತ್ತ ಆ ಆಡಿನ ಏಳು ತಲೆಮಾರು ಜಾಲಾಡಿದೆ. ಅತ್ತೆ ಒಂದನ್ನೂ ಬಾಯಿಗೆ ಹಾಕಲಿಲ್ಲ. ಹಲ್ಲು ನೋವು ಅಂದರು.

ಸೋಮವಾರ ನಸುಕಿನಲ್ಲಿ ಅತ್ತೆಯೂ ಚೀಲ ಹಿಡಿದು ತಯಾರಾಗಿ ನಿಂತಿದ್ದರು. "ಎಕಂಬಾಕ್ಕ ಹೋಗಿ ಬರ್ತೇನಿ, ಮಗಳ ಕಡಿ ನಾಕು ದಿನ ಇದ್ದು" ಅಂದರು. ನನ್ನ ನಾದಿನಿಯ ಮನೆ ಔರಾದ್ ತಾಲ್ಲೂಕಿನ ಎಕಂಬಾದಲ್ಲಿದೆ. ಮಗನ ಜೊತೆ ಅದೇ ಬಸ್ಸಿಗೆ ಹೋದರು. ಮುದುಕಿಗೆ ಮಗಳ ನೆನಪಾಗಿರಬೇಕು ಎಂದು ನಾನು ಹೆಚ್ಚು ವಿಚಾರಿಸಲಿಲ್ಲ.

ಆ ಸಂಜೆ ಭಾಲ್ಕಿಯಿಂದ ಮರಳಿ ಬಂದಾಗ ಗೋಡೆಯಾಚೆ ಆಡಿನ ದನಿ ಇರಲಿಲ್ಲ. ಖಾಲಾ ಬಾಗಿಲಲ್ಲಿ ಕೂತಿದ್ದರು. ನಾನು ಕೇಳುವ ಮೊದಲೇ, "ಬಗದಲ್‌ಗೆ ಕಳಿಸ್ದೆ, ನನ್ನ ತಂಗಿ ಮನಿಗೆ. ಅಲ್ಲಿ ಹೊಲ ಅದ, ಹಸಿ ಮೇವು ಅದ" ಅಂದರು. "ಚಲೋ ಆತು ಬಿಡ್ರಿ" ಅಂದು ಬೀಗ ತೆಗೆದು ಒಳಗೆ ಹೋದೆ.

ಗೀರನ್ನು ನಾನೇ ಸರಿಮಾಡಿಬಿಡುತ್ತೇನೆ ಎಂದು ಅಂಗಡಿಯಿಂದ ಪಾಲಿಶಿನ ಟ್ಯೂಬು ತಂದು ತಿಕ್ಕಿದೆ. ಸಣ್ಣವು ಮಾಸಿದವು; ಆಳದವು ಮೊದಲಿಗಿಂತ ಎದ್ದು ಕಂಡವು. ಕೊನೆಗೆ ಒಂದು ದಿನ ಕಾರನ್ನು ಭಾಲ್ಕಿಗೇ ತೆಗೆದುಕೊಂಡು ಹೋಗಿ ಶಾಲೆಯ ಹತ್ತಿರದ ಪೇಂಟಿಂಗ್ ಅಂಗಡಿಯಲ್ಲಿ ನಿಲ್ಲಿಸಿದೆ. ಪೇಂಟರ್ ಬಾಯಲ್ಲಿ ತಂಬಾಕು ತುಂಬಿಕೊಂಡವ. ಬಾನೆಟ್ ನೋಡಿ ಅವನಿಗೆ ಹಬ್ಬವೇ ಆಯಿತು.

"ಇದು ಪಾಲಿಶಿಗೆ ಹೋಗೂದಲ್ರಿ ಮೇಡಂ. ಪೂರಾ ಬಾನೆಟ್ ಹೊಡೀಬೇಕು."

"ಗೀರು ಎಷ್ಟವ ಅಷ್ಟಕ್ಕ ಹಚ್ಚು."

"ಹಚ್ತೇನ್ರಿ. ಆಮ್ಯಾಗ ಹರಿದ ಅಂಗಿಗಿ ತ್ಯಾಪಿ ಹಚ್ಚಿದಂಗ ಕಾಣ್ತದ, ನನಗ ಬೈಬ್ಯಾಡ್ರಿ."

ಇವನು ಒಂದು ಪದರ ಹಾರಿಸಿ ಮೋಸ ಮಾಡುತ್ತಾನೆ ಎಂದು ನನಗೆ ಗ್ಯಾರಂಟಿ. ಅರ್ಧ ದಿನ ರಜೆ ಹಾಕಿ, ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಾವಲು ಕೂತೆ. ಅವನು ಗಾಜಿನ ಮೇಲೆ ಹಳೆ ಪೇಪರು ಅಂಟಿಸಿ, ಒಳಗಿನ ಅಂಚು ಒರೆಸಲೆಂದು ಬಾನೆಟ್ ಎತ್ತಿದ. ಎತ್ತಿದವನೇ, "ಇಲ್ಲಿ ಗುಬ್ಬಿ ಗೂಡು ಕಟ್ಟಿದ್ವೇನ್ರಿ?" ಅಂದ.

ವೈಪರಿನ ಕೆಳಗಿನ ಸಂದಿಯಲ್ಲಿ ಬಿಳಿಬಿಳಿ ಚೂರುಗಳು ಬಿದ್ದಿದ್ದವು. ಸಣ್ಣ, ಗಟ್ಟಿ, ಸುರುಳಿ ಸುರುಳಿ. ಒಂದನ್ನು ಎತ್ತಿ ನೋಡಿದೆ. ಮೂಸಿದೆ. ಬಾಯಿಗೆ ಹಾಕಿಕೊಂಡೆ. ಉಪ್ಪು, ಜೀರಿಗೆ. ನಮ್ಮ ಮನೆಯ ಕುರಡಗಿ.

ಆಮೇಲೆ ಆ ಗೀರುಗಳನ್ನು ನೋಡಿದರೆ ಅವು ಬೇರೆಯೇ ಆಗಿ ಕಂಡವು. ಗೊರಸು ಜಾರಿದ ಗೀರಲ್ಲ ಅವು, ಹಂಚಿನ ಮೇಲಿನ ರೊಟ್ಟಿ ಎಬ್ಬಿಸುವ ಕೈಯ ತಿರುವು. ಅತ್ತೆಯ ಹತ್ತಿರ ಕಳೆ ಕೀಳುವ ಒಂದು ಕುರುಪಿ ಇದೆ. ಊರಿನಿಂದ ತಂದದ್ದು, ಕಲ್ಲಿಗೆ ತಾಗಿ ತಾಗಿ ಅದರ ಬಾಯಿ ಹಲ್ಲು ಹಲ್ಲಾಗಿದೆ. ಮಾಳಿಗೆಯ ಮೇಲೆ ಏನು ಒಣಹಾಕಿದರೂ ಕೋಟೆ ಕಡೆಯ ಮಂಗಗಳು ಬಿಡುವುದಿಲ್ಲ, ಮೇಲಾಗಿ ಅವರ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ. ಕಟ್ಟೆಯ ಮೇಲೆ ಕೂತು ಕಾಯಬಹುದಾದ, ಕಾದ ಹಂಚಿನಂಥ ಜಾಗ ಕಣ್ಣೆದುರೇ ನಿಂತಿದೆ. ಬಟ್ಟೆ ಹಾಸಿದ್ದಾರೆ. ತೆಳು ಬಟ್ಟೆಯಿಂದ ಅಂಟು ಇಳಿದು ತಗಡಿಗೆ ಹಿಡಿದಿದೆ. ಒಂದು ಕುರಡಗಿಯನ್ನೂ ಕೆಡಿಸಬಾರದೆಂದು ಕೆರೆದಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವಳು ನಾನು. ಕುರ್ಚಿಯಲ್ಲಿ ಕೂತವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಉಪವಾಸವಿದ್ದ ಮುದುಕಿಯ ಮುಖ ಕಣ್ಣಿಗೆ ಕಟ್ಟಿತು. ಪೇಂಟರ್ ನೀರು ಚಿಮುಕಿಸಿ ಪಾಲಿಶ್ ಕಾಗದದಿಂದ ಗೀರಿನ ಅಂಚು ಉಜ್ಜಿದ, ಪುಟ್ಟಿ ತುಂಬಿದ, ಒಣಗಿಸಿ ಮತ್ತೆ ಉಜ್ಜಿದ, ಬೂದು ಪ್ರೈಮರ್ ಹೊಡೆದ. ಯಾವ ಪದರ ಹಾರಿಸಿದನೋ ಬಿಟ್ಟನೋ ನಾನು ನೋಡಲಿಲ್ಲ. "ಪೂರಾ ಬಾನೆಟ್ ಹೊಡಿ" ಎಂದು ಹೇಳಿ ಶಾಲೆಗೆ ಹೋದೆ. ಆ ದಿನ ತರಗತಿಯಲ್ಲಿ ಸೂಜಿ ಬೀಳುವ ಮೌನ ನನಗೆ ಹಿತವಾಗಲಿಲ್ಲ.

ಆ ಸಂಜೆಯೇ ಖಾಲಾರ ಬಾಗಿಲು ಬಡಿಯಬೇಕಿತ್ತು. ಬಡಿಯಲಿಲ್ಲ. ನಿಜ ಹೇಳಿದರೆ ಅತ್ತೆಯ ಮಾನ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೋಗುವುದು ನನ್ನ ಮಾನವಾಗಿತ್ತು. ಕಾರು ಬಣ್ಣ ಬಳಿದುಕೊಂಡು ಬಂತು. ಬಾನೆಟ್ ಮಾತ್ರ ಮದುಮಗಳ ಹಾಗೆ ಮಿರುಗುತ್ತಿತ್ತು, ಉಳಿದ ಮೈ ಬಿಸಿಲಿಗೆ ಮಾಸಿದ್ದೇ. ಗೋಡೆಯಾಚೆ ಗೂಟ ಖಾಲಿಯಿತ್ತು. ನಾನು ತಲೆ ತಗ್ಗಿಸಿ ಓಡಾಡಿದೆ.

ಆ ವರ್ಷ ಯುಗಾದಿಯ ಬೆನ್ನಿಗೇ ರಂಜಾನ್ ಹಬ್ಬ. ಎಂದರೆ ನಮ್ಮ ತಾಟು ಆಚೆ ಹೋಗಬೇಕು, ಅದರ ಹಿಂದೆಯೇ ಅವರದು ಈಚೆ ಬರಬೇಕು. ಈ ಸಲ ಯಾವ ಮುಖ ಹೊತ್ತು ಕಳಿಸುವುದು? ಕಳಿಸಿದರೂ ಅವರು ತೆಗೆದುಕೊಳ್ಳದಿದ್ದರೆ? ಅತ್ತೆಯ ಕಾಲದಿಂದ ನಡೆದದ್ದು ನನ್ನ ಬಾಯಿಯಿಂದ ನಿಂತುಹೋದರೆ? ಹಬ್ಬಕ್ಕೆ ಅತ್ತೆಯನ್ನು ಕರೆತರಲು ಎಕಂಬಾಕ್ಕೆ ಹೊರಟಾಗ ದಾರಿಯುದ್ದಕ್ಕೂ ಇದೇ ಚಿಂತೆ.

ಕಾರು ನಿಲ್ಲಿಸಿದೊಡನೆ ಅತ್ತೆ ಹೊರಗೆ ಬಂದು ಬಾನೆಟ್ ಮೇಲೆ ಅಂಗೈ ಆಡಿಸಿದರು. "ಛಂದ ಆಗ್ಯಾದ" ಅಂದರು, ನನ್ನನ್ನು ನೋಡದೆ. ಹೊರಡುವಾಗ ಮುಂದಿನ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕೂತರು. ಅವರ ಚೀಲ ಡಿಕ್ಕಿಯಲ್ಲಿ ಇಡುವಾಗ ಹಳೆ ಸೀರೆಯ ಸುತ್ತಿನೊಳಗಿಂದ ಕುರುಪಿಯ ಹಿಡಿಕೆ ಕಂಡಿತು. ಬಚ್ಚಿಡಲು ಅದನ್ನು ಎಕಂಬಾದವರೆಗೆ ಒಯ್ದಿದ್ದರು. ನಾನು ಚೀಲದ ಬಾಯಿ ಮುಚ್ಚಿದೆ.

ಔರಾದ್ ದಾಟಿದೆವು. ಆಮೇಲೆ ಹಿಂದಿನಿಂದ ಸಣ್ಣ ದನಿಯಲ್ಲಿ, "ಬಕ್ರಿ ತಿರುಗಿ ಬಂತೇನವ್ವಾ?" ಎಂದು ಕೇಳಿದರು. ಆಡು ಹೋದ ಸುದ್ದಿ ಮಗನಿಂದ ಅವರಿಗೆ ಮುಟ್ಟಿತ್ತು.

"ಇಲ್ರಿ" ಅಂದೆ.

ತಾನಾಗಿ ಹೇಳಲಿ ಎಂದು ಕಾದೆ. ತರಗತಿಯಲ್ಲಿ ಕಿಡಕಿ ಒಡೆದ ಹುಡುಗ ತಾನಾಗಿ ಎದ್ದು ನಿಲ್ಲಲಿ ಎಂದು ಕಾಯುತ್ತೇನಲ್ಲ, ಹಾಗೆ. ಕನ್ನಡಿಯಲ್ಲಿ ನೋಡಿದರೆ ಅವರು ಕಿಡಕಿಯಾಚೆ ಮುಖ ಮಾಡಿದ್ದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಬೀದರ್ ಬಂತು, ಮಾತು ಬರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ರೈಲಿನಲ್ಲಿ ಗೆಳತಿಯರೊಂದಿಗೆ ಎಷ್ಟೋ ಸಲ ನಕ್ಕಿದ್ದೇನೆ. ನನ್ನ ಕಾಲ ಬಂದಾಗಿತ್ತು, ನನಗೆ ತಿಳಿದಿರಲಿಲ್ಲ.

ಯುಗಾದಿಯ ಸಂಜೆ ಅತ್ತೆ ತಾಟಿನಲ್ಲಿ ಹೋಳಿಗೆ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಅಡುಗೆಮನೆಯಲ್ಲೇ ಕೂತುಬಿಟ್ಟರು. ಪ್ರತಿವರ್ಷ ಗೋಡೆಯ ಮೇಲಿಂದ ಕೊಡುವವರು ಅವರೇ. "ನೀನೇ ಕೊಟ್ಟು ಬಾರವ್ವಾ. ನಂದು ಮೊಣಕಾಲು ಭಾಳ ನೋಯ್ತದ" ಅಂದರು. ನಾನು ತಾಟು ಎತ್ತಿಕೊಂಡು ಓಣಿ ಸುತ್ತಿ ಖಾಲಾರ ಮುಂಬಾಗಿಲಿಗೆ ಹೋದೆ.

ಅವರು ಆಗಷ್ಟೇ ಉಪವಾಸ ಬಿಟ್ಟಿದ್ದರು. ತಾಟನ್ನು ಎರಡೂ ಕೈಯಿಂದ ತೆಗೆದುಕೊಂಡು, "ಬಾ, ಕೂಡು. ಕರಿ ಚಹಾ ಕುಡೀತಿಯೇನು? ಪಾಕೀಟಿನ ಹಾಲು ನಾಳಿ ಹಬ್ಬಕ್ಕ ತೆಗದಿಟ್ಟೇನಿ" ಅಂದರು. ಆ ಮನೆಯಲ್ಲಿ ನಾನು ಕರಿ ಚಹಾ ಕುಡಿದದ್ದು ಅದೇ ಮೊದಲು. ಲೋಟ ಕೈಯಲ್ಲಿ ಹಿಡಿದೇ ಹೇಳಿಬಿಟ್ಟೆ. "ಖಾಲಾ, ಆಡು ಮಾಡಿದ್ದಲ್ರಿ. ಬಾನೆಟ್ ಮ್ಯಾಗ ಕುರಡಗಿ ಒಣಹಾಕಿ ನಮ್ಮತ್ತಿ ಕುರುಪಿಲೆ ಕೆರದಾರ. ನಂದು ತಪ್ಪಾಗ್ಯಾದ."

"ನನಗ ಗೊತ್ತದ" ಅಂದರು ಖಾಲಾ.

ನಾನು ಲೋಟ ಕೆಳಗಿಟ್ಟೆ.

"ಅವತ್ತು ನಾ ಗ್ವಾಡಿ ಕಡಿಂದ ನೋಡ್ಲಿಕತ್ತಿದ್ದೆ. ನಕೋ, ನಕೋ, ಕೆರೀಬ್ಯಾಡ ಅಂತ ಕೂಗಿದೆ, ಆಕಿಗೆ ಕೇಳ್ಸಲಿಲ್ಲ. ಆಮ್ಯಾಗ ಗೀರು ಕಂಡವು ನೋಡು. ಸೆರಗು ಒದ್ದಿ ಮಾಡ್ಕೊಂಡು ಒರಸೇ ಒರಸಿದಳು. ಒರಸಿದ್ರ ಹೋಗ್ತಾವೇನು?"

"ಮತ್ತ ಅವತ್ತೇ ಯಾಕ ಹೇಳಲಿಲ್ರಿ ನನಗ?"

"ಬಕ್ರಿಗೆ ಬೈದ್ರ ಬಕ್ರಿಗೇನು ತಿಳೀತದ ಬೇಟಿ? ಆಕಿಗೆ ತಿಳೀತದ."

"ನಿಮಗೂ ಬೈದೆನಲ್ರಿ. ನಿಮಗ ತಿಳಿಯೂದಿಲ್ಲೇನು?"

ಖಾಲಾ ತಾಟಿನ ಮೇಲಿನ ಬಟ್ಟೆ ಸರಿಮಾಡಿದರು. "ನಾ ಬೈಸ್ಕೊಂಡು ಒಳಗ ಬಂದು ಬಾಗಿಲಾ ಹಾಕ್ಕೊಂಡೆ, ಮುಗೀತು. ಆಕಿ ಎಲ್ಲಿ ಹೋಗಬೇಕು? ಆಕಿ ನಿನ್ನ ಜೋಡಿನೇ ಇರಬೇಕಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅತ್ತುಬಿಟ್ಟೆ. ನಾಳೆಯೇ ಬಗದಲ್‌ಗೆ ಹೋಗಿ ಆಡನ್ನು ಕಾರಿನಲ್ಲೇ ಕೂರಿಸಿಕೊಂಡು ತರುತ್ತೇನೆ ಅಂದೆ. ಖಾಲಾ ಬೇಡ ಅಂದರು. "ತಂಗಿ ಮೊಮ್ಮಕ್ಕಳು ಅದಕ್ಕ ಹಚ್ಕೊಂಡಾವ. ಈಗ ಕಸ್ಕೊಂಡ್ರ ಅವು ಅಳ್ತಾವ. ಇರ್ಲಿ ಬಿಡು." ಹೋಳಿಗೆ ತೆಗೆದಿಟ್ಟುಕೊಂಡು, ತಾಟಿನಲ್ಲಿ ಒಂದು ಹಿಡಿ ಖರ್ಜೂರ ಹಾಕಿ ನನ್ನ ಕೈಗೆ ಕೊಟ್ಟರು. ಅಂಗಳದ ಗೂಟಕ್ಕೆ ಆಡಿನ ಹಗ್ಗ ಇನ್ನೂ ಸುತ್ತಿತ್ತು.

ಹಬ್ಬದ ಬೆಳಿಗ್ಗೆ ಶಿಧಾ ಗೋಡೆಯ ಮೇಲಿಂದ ಅತ್ತೆಯ ಕೈಗೇ ಬಂತು. ಇಬ್ಬರೂ ಗೋಡೆಯ ಆ ಕಡೆ ಈ ಕಡೆ ಬಹಳ ಹೊತ್ತು ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ನನಗೆ ಎಲ್ಲ ಗೊತ್ತು ಎಂದು ಅತ್ತೆಗೆ ನಾನೂ ಹೇಳಲಿಲ್ಲ. ಹೇಳಲು ಹೊರಟರೆ ಅದು ವಿಚಾರಣೆಯಾಗುತ್ತದೇನೋ ಎಂಬ ಹೆದರಿಕೆ.

ಶಾಲೆಗೆ ಬೇಸಿಗೆ ರಜೆ ಬಂತು. ಡಬ್ಬಿಯಲ್ಲಿ ಗೋಧಿ ಇನ್ನೂ ಉಳಿದಿತ್ತು. ನೆನೆಸಿದ್ದೂ ರುಬ್ಬಿದ್ದೂ ನಾನೇ. ಅತ್ತೆ ಕುದಿಸಿದರು. ಅವರು ಬಿಸಿ ಪಾತ್ರೆ ಹಿಡಿದು ಮಾಳಿಗೆಯ ಮೆಟ್ಟಿಲ ಕಡೆ ತಿರುಗಿದಾಗ ನಾನು ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನನ್ನದೊಂದು ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಾರಿನ ಹೊಸ ಬಾನೆಟ್ ಮೇಲೆ ಹಾಸಿದೆ. "ಇಲ್ಲೇ ಒತ್ರಿ ಅತ್ತಿ" ಅಂದೆ.

ಅತ್ತೆ ಸೀರೆಯನ್ನು ನೋಡಲಿಲ್ಲ, ಬಾನೆಟ್ಟನ್ನೂ ನೋಡಲಿಲ್ಲ. ನನ್ನ ಮುಖ ನೋಡಿದರು.

"ಮತ್ತ ಗೀರು ಬಿದ್ರ?" ಅಂದರು.

"ಬಿದ್ರ ಬೀಳ್ಲಿ" ಅಂದೆ.

ನಾನು ಪ್ರೀತಿಯಿಂದಲೇ ಅಂದದ್ದು. ಆದರೆ ರೂಢಿಯ ದನಿ, ಗಟ್ಟಿಯಾಗಿ ಹೊರಬಿತ್ತು. ಪಾತ್ರೆ ಹಿಡಿದು ಮುಂದೆ ಬಂದಿದ್ದ ಅವರು ಹಾಗೇ ನಿಂತರು. ನಾನು ಹತ್ತಿರ ಹೋಗಿ ಪಾತ್ರೆಗೆ ಕೈ ಕೊಟ್ಟು, ಅದೇ ಮಾತನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿದೆ.